ಹೊಸ ಪೈಪ್ ಹಾಕಿಸಿದ ಮೇಲೂ ಘಾಟಿಯಲ್ಲಿ ಟರ್ಬೊ ಎಳೆಯುತ್ತಿಲ್ಲ, ಏಕೆ?

ಪ್ರಶ್ನೆ: ಸರ್, ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಗಾಡಿ 2014ರ ಎರ್ಟಿಗಾ ಡೀಸೆಲ್, 1 ಲಕ್ಷ 40 ಸಾವಿರ ಕಿ.ಮೀ. ಓಡಿದೆ. ನಾಲ್ಕು ತಿಂಗಳ ಹಿಂದೆ ಪಿಕಪ್ ಕಡಿಮೆಯಾಯಿತೆಂದು ಗ್ಯಾರೇಜಿಗೆ ಬಿಟ್ಟೆ. ಟರ್ಬೊಗೆ ಹೋಗುವ ಸಣ್ಣ ಪೈಪುಗಳು ಬಿರುಕು ಬಿಟ್ಟಿವೆ ಎಂದು ಎಲ್ಲವನ್ನೂ ಬದಲಾಯಿಸಿಕೊಟ್ಟರು. ಊರೊಳಗೆ ಚೆನ್ನಾಗಿಯೇ ಓಡುತ್ತಿತ್ತು. ಕಳೆದ ತಿಂಗಳು ಮನೆಯವರು ಏಳು ಜನ ತಿರುಪತಿಗೆ ಹೋಗಿ ವಾಪಸ್ ಬರುವಾಗ ಮೊಗಿಲಿ ಘಾಟಿಯಲ್ಲಿ ಗಾಡಿ ದಮ್ಮು ಕಳೆದುಕೊಂಡಿತು. ಎರಡನೇ ಗೇರಿನಲ್ಲಿ 30ರ ಮೇಲೆ ಹೋಗಲಿಲ್ಲ, ಇಂಜಿನ್ ಲೈಟ್ ಬಂತು. ಪಕ್ಕಕ್ಕೆ ನಿಲ್ಲಿಸಿ ಹತ್ತು ನಿಮಿಷ ಆಫ್ ಮಾಡಿ ಹೊರಟರೆ ಮೊದಲಿನಂತೆ ಎಳೆಯಿತು, ಪಲಮನೇರಿಗೆ ಬರುವಷ್ಟರಲ್ಲಿ ಮತ್ತೆ ಅದೇ ಕಥೆ. ಸ್ಕ್ಯಾನರಿನಲ್ಲಿ ಪಿ0299 ಬಂದಿದೆ. ಟರ್ಬೊ ಹೋಗಿದೆ, 45 ಸಾವಿರ ಆಗುತ್ತದೆ ಅನ್ನುತ್ತಾರೆ. ಸ್ನೇಹಿತನೊಬ್ಬ ಅದೇ ಪೈಪಿಗೆ ಒಂದು ಟೀ (ಮೂರು ಮೂತಿಯ ಜೋಡಣೆ) ಹಾಕಿ ಸಣ್ಣ ವಾಲ್ವ್ ಕೂರಿಸಿದರೆ ಬೂಸ್ಟ್ ಜಾಸ್ತಿಯಾಗುತ್ತದೆ ಎನ್ನುತ್ತಾನೆ. ಬೂಸ್ಟ್ ಮೀಟರ್ ಹಾಕಿಸುವ ಆಸೆಯೂ ಇದೆ. ಬಾನೆಟ್ ತೆಗೆದು ತೆಗೆದ ಫೋಟೋಗಳನ್ನು ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ಟರ್ಬೊಗೆ ಇನ್ನೂ ಕೈ ಹಾಕಿಸಬೇಡಿ. ನೀವು ಕಳಿಸಿದ ಮೂರನೇ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ನೀಲಿ ಬಣ್ಣದ ಮೆತ್ತನೆಯ ಪೈಪೊಂದು ಹಳೆಯ ಕ್ಲಿಪ್ಪುಗಳನ್ನೆಲ್ಲ ಬಿಟ್ಟು, ಇಂಜಿನ್ ಮೇಲೆ ಒಂದು ಸುತ್ತು ಹಾಕಿ, ಟರ್ಬೊದ ಹೀಟ್ ಶೀಲ್ಡ್ ಅಂಚಿಗೆ ತಾಗಿಕೊಂಡೇ ಇಳಿದಿದೆ. ನಡುವೆ ಒಂದು ಕಪ್ಪು ಟೀ ಇದೆ. ಅದು ಎಲ್ಲಿಯದು ಎಂದು ನಿಮಗೆ ನಾನು ಹೇಳಬೇಕಿಲ್ಲ, ನಿಮ್ಮ ಕಡೆಯ ಟೊಮೆಟೊ ತೋಟಗಳಲ್ಲಿ ಅಂಥವು ಸಾವಿರ ಇರಬೇಕು. ಡ್ರಿಪ್ಪಿನ ಟೀ. ಟೀಯ ಪಕ್ಕದಲ್ಲಿ ಪೈಪು ಅಲ್ಲಾಡದಿರಲೆಂದು ಪ್ಲಾಸ್ಟಿಕ್ ಟೈ ಎಳೆದು ಬಿಗಿದಿದ್ದಾರೆ, ಬಿಗಿದ ಕಡೆ ಪೈಪು ಸೊಂಟ ಕಟ್ಟಿದ ಹಾಗೆ ಸಣ್ಣಗಾಗಿದೆ. ನಿಮ್ಮ ತೊಂದರೆಯ ಮುಕ್ಕಾಲು ಪಾಲು ಈ ಒಂದು ಫೋಟೋದಲ್ಲಿದೆ ಎನ್ನುವುದು ನನ್ನ ಅಂದಾಜು. ಯಾಕೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿಯದೆ ಪೈಪು ಬದಲಿಸಿದರೆ ಮತ್ತೆ ಇದೇ ಆಗುತ್ತದೆ.

ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರವೇ ಟರ್ಬೊ, ಹಾಗೆ ಹೆಚ್ಚಿಸಿದ ಗಾಳಿಯ ಒತ್ತಡವೇ ಬೂಸ್ಟ್. ಮೊದಲು ನಿಮ್ಮ ಗಾಡಿಯ ಟರ್ಬೊ ಯಾವ ಜಾತಿಯದು ಎಂದು ತಿಳಿದುಕೊಳ್ಳಬೇಕು. ನಮ್ಮ ಕಡೆಯ ರಸ್ತೆಗಳಲ್ಲಿ ಓಡುವ 1.3 ಲೀಟರ್ ಡೀಸೆಲ್ ಇಂಜಿನ್ ಎರಡು ರೂಪದಲ್ಲಿ ಬಂತು. ಸ್ವಿಫ್ಟ್, ಡಿಜೈರ್‌ಗಳಲ್ಲಿ 75 ಪಿ.ಎಸ್. ಶಕ್ತಿಯದು, ಎರ್ಟಿಗಾ, ಎಸ್‌ಎಕ್ಸ್4, ಸಿಯಾಜ್‌ಗಳಲ್ಲಿ 90 ಪಿ.ಎಸ್. ಶಕ್ತಿಯದು. ಇಂಜಿನ್ ಬ್ಲಾಕ್ ನೋಡಿದರೆ ಅಣ್ಣತಮ್ಮಂದಿರು, ಟರ್ಬೊ ಮಾತ್ರ ಬೇರೆ ಬೇರೆ. 75ರದ್ದು ಮಾಮೂಲಿ ಟರ್ಬೊ. ಅದರ ಪಕ್ಕದಲ್ಲಿ ವೇಸ್ಟ್‌ಗೇಟ್ ಎಂಬ ಬಾಗಿಲು. ಗಾಳಿ ಒತ್ತುವ ಕಂಪ್ರೆಸರ್ ಕಡೆಯಿಂದ ಒಂದು ಗೇಣಿನಷ್ಟು ಪೈಪು ನೇರವಾಗಿ ಆ ಬಾಗಿಲನ್ನು ಆಡಿಸುವ ಆಕ್ಚುಯೇಟರ್ ಡಬ್ಬಿಗೆ ಬರುತ್ತದೆ. ಗಾಳಿಯ ಒತ್ತಡ ಹೆಚ್ಚಾದಾಗ ಅದೇ ಒತ್ತಡ ಡಬ್ಬಿಯೊಳಗಿನ ಸ್ಪ್ರಿಂಗನ್ನು ತಳ್ಳಿ ಬಾಗಿಲು ತೆರೆಯುತ್ತದೆ, ಹೊಗೆಯಲ್ಲಿ ಒಂದು ಭಾಗ ಟರ್ಬೈನನ್ನು ತಿರುಗಿಸದೆ ಆಚೆ ಹೋಗುತ್ತದೆ. ಅಂದರೆ ಅಲ್ಲಿ ಪೈಪಿನೊಳಗೆ ಇರುವುದು ಒತ್ತಡ, ಅದರ ಕೆಲಸ ಬೂಸ್ಟ್ ಇಳಿಸುವುದು.

ನಿಮ್ಮದು 90ರದ್ದು. ಅದರಲ್ಲಿ ವೇಸ್ಟ್‌ಗೇಟ್ ಇಲ್ಲ, ಟರ್ಬೈನಿನ ಸುತ್ತ ಅಗಲವಾಗುವ, ಕಿರಿದಾಗುವ ರೆಕ್ಕೆಗಳಿವೆ. ವಿ.ಜಿ.ಟಿ. ಎನ್ನುವುದು ಇದನ್ನೇ. ರೆಕ್ಕೆಗಳು ಮುಚ್ಚಿಕೊಂಡಾಗ ಹೊಗೆ ಕಿರಿದಾದ ಸಂದಿಯಲ್ಲಿ ರಭಸದಿಂದ ನುಗ್ಗಿ ಕಡಿಮೆ ಆರ್‌ಪಿಎಂನಲ್ಲೇ ಟರ್ಬೊವನ್ನು ತಿರುಗಿಸುತ್ತದೆ. ಕಾಲುವೆಯ ಬಾಯಿ ಕಿರಿದು ಮಾಡಿದರೆ ನೀರು ಚಿಮ್ಮುವ ಹಾಗೆ. ಆ ರೆಕ್ಕೆಗಳನ್ನು ಮುಚ್ಚುವುದು ಒತ್ತಡವಲ್ಲ, ನಿರ್ವಾತ, ಗ್ಯಾರೇಜಿನ ಮಾತಿನಲ್ಲಿ ವ್ಯಾಕ್ಯೂಮ್. ಇಂಜಿನ್ ಹೆಡ್ಡಿನ ತುದಿಯಲ್ಲಿ ಕ್ಯಾಮ್‌ಶಾಫ್ಟ್ ತಿರುಗಿಸುವ ವ್ಯಾಕ್ಯೂಮ್ ಪಂಪ್ ಇದೆ. ಅಲ್ಲಿಂದ ದಪ್ಪ ಪೈಪು ಬ್ರೇಕ್ ಬೂಸ್ಟರಿಗೆ ಹೋಗುತ್ತದೆ, ಸಣ್ಣ ಪೈಪು ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವಿಗೆ. ಸೊಲೆನಾಯ್ಡಿಗೆ ಮೂರು ಮೂತಿ: ಒಂದು ಪಂಪಿನಿಂದ ಬರುವುದು, ಒಂದು ಟರ್ಬೊ ಆಕ್ಚುಯೇಟರಿಗೆ ಹೋಗುವುದು, ಒಂದು ಫಿಲ್ಟರ್ ಮೂಲಕ ಹೊರಗಿನ ಗಾಳಿಗೆ ತೆರೆದಿರುವುದು. ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್, ಅದನ್ನು ಸೆಕೆಂಡಿಗೆ ಎಷ್ಟೋ ಸಲ ತೆರೆದು ಮುಚ್ಚಿ, ಎಷ್ಟು ವ್ಯಾಕ್ಯೂಮ್ ಆಕ್ಚುಯೇಟರಿಗೆ ತಲುಪಬೇಕೋ ಅಷ್ಟನ್ನೇ ಕಳಿಸುತ್ತದೆ. ವ್ಯಾಕ್ಯೂಮ್ ಹೆಚ್ಚಾದರೆ ರೆಕ್ಕೆ ಮುಚ್ಚಿ ಬೂಸ್ಟ್ ಏರುತ್ತದೆ. ವ್ಯಾಕ್ಯೂಮ್ ಇಲ್ಲದಿದ್ದರೆ ಸ್ಪ್ರಿಂಗ್ ರೆಕ್ಕೆಗಳನ್ನು ಪೂರ್ತಿ ತೆರೆದು ಕೂರುತ್ತದೆ, ಬೂಸ್ಟ್ ಏರುವುದೇ ಇಲ್ಲ.

ಈ ವ್ಯತ್ಯಾಸವನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಡಿಜೈರಿನಲ್ಲಿ ಸಣ್ಣ ಪೈಪು ಕಿತ್ತುಬಂದರೆ ಬಾಗಿಲು ತೆರೆಯುವುದೇ ಇಲ್ಲ, ಬೂಸ್ಟ್ ಮಿತಿ ಮೀರುತ್ತದೆ. ಎರ್ಟಿಗಾದಲ್ಲಿ ಕಿತ್ತುಬಂದರೆ ಗಾಡಿ ಎಳೆಯುವುದಿಲ್ಲ, ಅಷ್ಟೆ. ಒಂದರಲ್ಲಿ ಕಲಿತ ಕೆಲಸವನ್ನು ಇನ್ನೊಂದರ ಮೇಲೆ ಮಾಡಿದರೆ ಫಲ ಪೂರ್ತಿ ತಿರುಗುಮುರುಗು. ತುಮಕೂರಿನಲ್ಲಿ ನನ್ನ ಬಳಿ ಬಂದ ಒಂದು ಡಿಜೈರಿನಲ್ಲಿ ಆಕ್ಚುಯೇಟರ್ ಪೈಪಿನೊಳಗೆ ಯಾರೋ ಒಂದು ಸಣ್ಣ ಬೋಲ್ಟ್ ತುರುಕಿ ಮುಚ್ಚಿದ್ದರು, ಪಿಕಪ್ ಬರಲೆಂದು. ಸ್ವಲ್ಪ ದಿನ ಬಂದಿತ್ತಂತೆ. ನಾನು ನೋಡುವಾಗ ಟರ್ಬೊ ಶಾಫ್ಟ್ ಕೈಗೆ ಅಲ್ಲಾಡುತ್ತಿತ್ತು, ಕಂಪ್ರೆಸರ್ ಚಕ್ರದ ಅಂಚು ಗೋಡೆಗೆ ಉಜ್ಜಿ ಹೊಳೆಯುತ್ತಿತ್ತು.

ಈಗ ನಿಮ್ಮ ಸ್ನೇಹಿತರ ಸಲಹೆಯನ್ನು ಇದರ ಮೇಲಿಟ್ಟು ನೋಡಿ. ಟೀ ಹಾಕಿ ಸಣ್ಣ ವಾಲ್ವಿನಲ್ಲಿ ಗಾಳಿ ಬಿಡುವುದು ಒತ್ತಡದ ಪೈಪಿಗೆ ಹುಟ್ಟಿದ ಉಪಾಯ. ಅಲ್ಲಿ ಒತ್ತಡ ಸೋರಿ ಬಾಗಿಲು ತಡವಾಗಿ ತೆರೆಯುತ್ತದೆ. ನಿಮ್ಮ ವ್ಯಾಕ್ಯೂಮ್ ಪೈಪಿಗೆ ಅದೇ ವಾಲ್ವ್ ಹಾಕಿದರೆ ವ್ಯಾಕ್ಯೂಮ್ ಸೋರಿ ಬೂಸ್ಟ್ ಇನ್ನೂ ಇಳಿಯುತ್ತದೆ. ಡೀಸೆಲ್ ಇಂಜಿನಿನಲ್ಲಿ ಬರಿಯ ಗಾಳಿ ಹೆಚ್ಚಿಸಿದರೆ ಶಕ್ತಿ ಹೆಚ್ಚುವುದೂ ಇಲ್ಲ. ಶಕ್ತಿ ಬರುವುದು ಡೀಸೆಲಿನಿಂದ, ಡೀಸೆಲ್ ಎಷ್ಟು ಹೋಗಬೇಕೆಂದು ತೀರ್ಮಾನಿಸುವುದು ಇಸಿಎಂ. ಬೂಸ್ಟ್ ಸೆನ್ಸರ್ ಮಿತಿ ದಾಟಿದ್ದನ್ನು ಕಂಡ ಕೂಡಲೇ ಪಿ0234 ಎಂಬ ಕೋಡ್ ಹಾಕಿ ಅದು ಡೀಸೆಲನ್ನೇ ಕಡಿತ ಮಾಡುತ್ತದೆ. ಆ ಯೋಚನೆ ಬಿಟ್ಟುಬಿಡಿ.

ನಿಮ್ಮ ಕೋಡ್ ಪಿ0299, ಅಂದರೆ ಕೇಳಿದಷ್ಟು ಬೂಸ್ಟ್ ಸಿಗುತ್ತಿಲ್ಲ. ಟರ್ಬೊ ಕೆಟ್ಟಿದೆ ಎಂದು ಆ ಕೋಡ್ ಹೇಳುವುದಿಲ್ಲ. ಪಂಪ್, ಪೈಪ್, ಸೊಲೆನಾಯ್ಡ್, ಆಕ್ಚುಯೇಟರ್, ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ದಪ್ಪ ಹೋಸುಗಳು, ಏರ್ ಫಿಲ್ಟರ್, ಸೆನ್ಸರ್, ಇವುಗಳಲ್ಲಿ ಯಾವುದು ಸೋತರೂ ಅದೇ ಕೋಡ್. ನಿಮ್ಮ ಪತ್ರದಲ್ಲಿ ನನಗೆ ದಾರಿ ತೋರಿಸಿದ್ದು ಬೇರೆ ಸಂಗತಿ: ಊರೊಳಗೆ ಸರಿ, ಏರಿನಲ್ಲಿ ಇಲ್ಲ, ಹತ್ತು ನಿಮಿಷ ಆರಿದರೆ ಮತ್ತೆ ಸರಿ, ಕಾದ ಮೇಲೆ ಮತ್ತೆ ಇಲ್ಲ. ಆಫ್ ಮಾಡಿ ಆನ್ ಮಾಡಿದಾಗ ಇಸಿಎಂ ಲಿಂಪ್ ಮೋಡಿನಿಂದ, ಅಂದರೆ ಶಕ್ತಿ ಇಳಿಸಿ ಓಡಿಸುವ ಸ್ಥಿತಿಯಿಂದ, ಹೊರಬರುತ್ತದೆ ನಿಜ, ಆದರೆ ಪಲಮನೇರಿಗೆ ಮುಂಚೆ ಮತ್ತೆ ಬಿದ್ದಿದೆ. ಬಿಸಿಯಾದಾಗ ಮಾತ್ರ ಸೋಲುವ ವಸ್ತು ಯಾವುದು ಎಂದು ಹುಡುಕಬೇಕು. ಚಿತ್ತೂರಿನಿಂದ ಮೇಲೆ ಏಳು ಜನರನ್ನು ಹೊತ್ತು, ಎರಡನೇ ಗೇರಿನಲ್ಲಿ, ಎದುರುಗಾಳಿಯೂ ಸಾಲದೆ ಹತ್ತುವಾಗ ಬಾನೆಟ್ಟಿನೊಳಗೆ ಟರ್ಬೊದ ಹೊಗೆ ಕಡೆಯ ಮನೆ ನೂರಾರು ಡಿಗ್ರಿ ಕಾದಿರುತ್ತದೆ. ಅದರ ಶೀಲ್ಡಿಗೆ ತಾಗಿಕೊಂಡ ಮೆತ್ತನೆಯ ಪೈಪು ಮೊದಲು ಸೋಲುವುದರಲ್ಲಿ ಆಶ್ಚರ್ಯವಿಲ್ಲ.

ಡ್ರಿಪ್ಪಿನ ಪೈಪು, ಟೀಗಳ ಮೇಲೆ ನನಗೇನೂ ತಕರಾರಿಲ್ಲ, ತೋಟದಲ್ಲಿ ಅವು ಚಿನ್ನ. ಅವು ತಣ್ಣೀರು ತುಂಬಿಕೊಂಡು ಒಳಗಿನಿಂದ ಹೊರಕ್ಕೆ ಒತ್ತಡ ತಡೆಯಲು ಮಾಡಿದವು. ಇಲ್ಲಿ ಒತ್ತಡ ಹೊರಗಿನಿಂದ ಒಳಕ್ಕೆ, ಜೊತೆಗೆ ಬಿಸಿ. ಬಿಸಿಗೆ ಮೆತ್ತಗಾದ ಪಾಲಿಥೀನ್ ಮೂತಿ ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಪೈಪಿಗೂ ಅದಕ್ಕೂ ನಡುವೆ ಕೂದಲಿನಷ್ಟು ಸಂದಿ ಬೀಳುತ್ತದೆ. ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಅದಕ್ಕೇ ಗ್ಯಾರೇಜಿನಲ್ಲಿ ನೋಡಿದಾಗ ಏನೂ ಸಿಗುವುದಿಲ್ಲ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪು, ಆಸ್ಪತ್ರೆಯ ಡ್ರಿಪ್ ಪೈಪುಗಳನ್ನೂ ನಾನು ಇಂಜಿನ್ ಮೇಲೆ ಕಂಡಿದ್ದೇನೆ. ಅವೂ ಬೇಡ.

ನಿಮ್ಮ ನೀಲಿ ಪೈಪು ಯಾವ ಗುಣದ್ದು ಎಂದು ಮನೆಯಲ್ಲೇ ನೋಡಬಹುದು. ಉಳಿದ ತುಂಡಿದ್ದರೆ ಒಂದು ಗೇಣು ಕತ್ತರಿಸಿ ಕುದಿಯುವ ನೀರಿಗೆ ಐದು ನಿಮಿಷ ಹಾಕಿ. ನಮ್ಮ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಬಾನೆಟ್ಟಿನೊಳಗಿನ ಬಿಸಿಗೆ ಹೋಲಿಸಿದರೆ ಅದು ಸೌಮ್ಯವೇ. ಇಕ್ಕಳದಲ್ಲಿ ಎತ್ತಿ, ನೀರು ಒದರಿ, ಒಂದು ತುದಿಯನ್ನು ಬಟ್ಟೆ ಸುತ್ತಿದ ಬೆರಳಿನಿಂದ ಮುಚ್ಚಿ ಇನ್ನೊಂದು ತುದಿಗೆ ಕೈ ವ್ಯಾಕ್ಯೂಮ್ ಪಂಪ್ ಹಚ್ಚಿ ಎಳೆಯಿರಿ. ಒಳ್ಳೆಯ ಪೈಪು ದುಂಡಗೇ ಇರುತ್ತದೆ. ಕೆಟ್ಟದ್ದು ನಿಮ್ಮ ಕಣ್ಣೆದುರಿಗೇ ನಡುವಿನಲ್ಲಿ ಚಪ್ಪಟೆಯಾಗಿ ರಿಬ್ಬನ್ನಿನಂತೆ ಅಂಟಿಕೊಳ್ಳುತ್ತದೆ, ಬಾಗಿದ ಕಡೆಯಂತೂ ಮೊದಲು. ಅದು ಅಂಟಿಕೊಂಡಾಗ ಪಂಪಿನ ಮುಳ್ಳು ಚೆನ್ನಾಗಿಯೇ ತೋರಿಸುತ್ತಿರುತ್ತದೆ, ಆಚೆ ತುದಿಗೆ ಏನೂ ತಲುಪುತ್ತಿರುವುದಿಲ್ಲ. ಘಾಟಿಯಲ್ಲಿ ನಿಮ್ಮ ಆಕ್ಚುಯೇಟರಿಗೆ ಆದದ್ದು ಬಹುಶಃ ಇದೇ.

ಸ್ವಲ್ಪ ವ್ಯಾಕ್ಯೂಮ್ ಕಡಿಮೆಯಾದರೆ ಅಷ್ಟು ವ್ಯತ್ಯಾಸ ಬೀಳುತ್ತದೆಯೇ ಎಂದು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಆಕ್ಚುಯೇಟರಿನೊಳಗಿನ ಪೊರೆ, ಅಂದರೆ ಡಯಾಫ್ರಮ್, 40 ಮಿ.ಮೀ. ಅಗಲವಿದೆ ಎಂದಿಟ್ಟುಕೊಂಡರೆ ಅರ್ಧ ಬಾರ್ ವ್ಯಾಕ್ಯೂಮಿನಲ್ಲಿ ಅದು ಎಳೆಯುವ ಬಲ ಸುಮಾರು 6 ಕೆ.ಜಿ. ಮೂರರಲ್ಲಿ ಒಂದು ಪಾಲು ಸೋರಿದರೆ ಉಳಿಯುವುದು 4 ಕೆ.ಜಿ. ಎದುರಿಗೆ ಸ್ಪ್ರಿಂಗ್, ಅದರ ಜೊತೆಗೆ ರೆಕ್ಕೆಗಳನ್ನು ತೆರೆಯಲು ತಳ್ಳುವ ಹೊಗೆಯ ರಭಸ. ಸಣ್ಣ ಸೋರಿಕೆಯನ್ನು ಇಸಿಎಂ ಸೊಲೆನಾಯ್ಡನ್ನು ಇನ್ನಷ್ಟು ಹೊತ್ತು ತೆರೆದು ಸರಿದೂಗಿಸುತ್ತದೆ, ಅದಕ್ಕೇ ಊರೊಳಗೆ ಗೊತ್ತಾಗುವುದಿಲ್ಲ. ಸರಿದೂಗಿಸಲು ಇನ್ನು ಜಾಗವೇ ಉಳಿಯದ ಏರಿನಲ್ಲಿ ಬಣ್ಣ ಬಯಲಾಗುತ್ತದೆ.

ಇಲ್ಲೊಂದು ಸ್ಥಳೀಯ ವಿಷಯ ಹೇಳಿಬಿಡುತ್ತೇನೆ, ಇದರಿಂದ ಒಳ್ಳೆಯ ಪಂಪುಗಳನ್ನು ಬಿಸಾಡಿದವರಿದ್ದಾರೆ. ಕೋಲಾರ, ಮುಳಬಾಗಿಲು, ತುಮಕೂರು ಎಲ್ಲವೂ ಸಮುದ್ರಮಟ್ಟದಿಂದ 800 ಮೀಟರಿಗಿಂತ ಸ್ವಲ್ಪ ಮೇಲಿವೆ. ಸಮುದ್ರದ ದಡದಲ್ಲಿ ಗಾಳಿಯ ಒತ್ತಡ ಪಾದರಸದ 760 ಮಿ.ಮೀ., ಅಂದರೆ 30 ಇಂಚಿಗೆ ಹತ್ತಿರ. ನಮ್ಮಲ್ಲಿ ಅದು 690 ಮಿ.ಮೀ. ಆಸುಪಾಸು, 27 ಇಂಚು. ವ್ಯಾಕ್ಯೂಮ್ ಎಂದರೆ ಇರುವ ಗಾಳಿಯನ್ನು ತೆಗೆಯುವುದು ತಾನೆ, ಇರುವುದಕ್ಕಿಂತ ಹೆಚ್ಚು ತೆಗೆಯಲು ಯಾವ ಪಂಪಿಗೂ ಆಗದು. ಚೆನ್ನೈನಲ್ಲಿ 27 ಇಂಚು ತೋರಿಸುವ ಪಂಪು ಕೋಲಾರದಲ್ಲಿ 24 ತೋರಿಸಿದರೆ ಅದು ಆರೋಗ್ಯವಾಗಿಯೇ ಇದೆ. ಐಡ್ಲಿಂಗಿನಲ್ಲಿ 24ರ ಹತ್ತಿರ ಬಂದು ನಿಂತರೆ ಪಂಪಿನ ಬಗ್ಗೆ ಚಿಂತೆ ಬಿಡಿ. 18ಕ್ಕೇ ನಿಂತರೆ ಅಥವಾ ಅಲ್ಲಿಗೆ ಬರಲು ಅರ್ಧ ನಿಮಿಷ ತೆಗೆದುಕೊಂಡರೆ ಚಿಂತಿಸಬೇಕು.

ಪಂಪಿನ ಮಾತು ಬಂದಾಗ ಬ್ರೇಕನ್ನು ಮರೆಯಬಾರದು. ನಿಮ್ಮ ಟರ್ಬೊ ಮತ್ತು ಬ್ರೇಕ್ ಒಂದೇ ಬಾವಿಯ ನೀರು ಕುಡಿಯುತ್ತವೆ. ದಪ್ಪ ಪೈಪಿನಲ್ಲಿ ಒನ್ ವೇ ವಾಲ್ವ್ ಇರುವುದರಿಂದ ಬೂಸ್ಟರಿನೊಳಗೆ ಒಂದೆರಡು ಸಲ ತುಳಿಯುವಷ್ಟು ವ್ಯಾಕ್ಯೂಮ್ ಉಳಿಯುತ್ತದೆ, ಆದರೆ ಟರ್ಬೊ ಕಡೆಯ ಸೋರಿಕೆ ದೊಡ್ಡದಾದರೆ ಘಾಟಿ ಇಳಿಯುವಾಗ ಪದೇ ಪದೇ ಬ್ರೇಕ್ ತುಳಿದಂತೆ ಪೆಡಲ್ ಗಟ್ಟಿಯಾಗುತ್ತಾ ಹೋಗುತ್ತದೆ. ತಿರುಪತಿಗೆ ಹೋಗುವಾಗ ಇದೇ ಮೊಗಿಲಿ ಘಾಟಿಯನ್ನು ನೀವು ಏಳು ಜನರೊಂದಿಗೆ ಇಳಿದಿದ್ದೀರಿ. ಬ್ರೇಕ್ ಪೈಪಿಗೆ ಯಾರಿಗೂ ಟೀ ಹಾಕಲು ಬಿಡಬೇಡಿ, ಯಾವ ಮೀಟರಿಗೂ, ಯಾವ ಹಾರ್ನಿಗೂ. ಆ ಒನ್ ವೇ ವಾಲ್ವನ್ನು ತಿರುಗಾಮುರುಗಾ ಹಾಕಿದ್ದಾರೆಯೇ ಎಂದೂ ಈಗಲೇ ನೋಡಿಸಿ: ಬೂಸ್ಟರ್ ಕಡೆಯಿಂದ ಪಂಪಿನ ಕಡೆಗೆ ಊದಿದರೆ ಗಾಳಿ ಹೋಗಬೇಕು, ಪಂಪಿನ ಕಡೆಯಿಂದ ಊದಿದರೆ ಹೋಗಬಾರದು.

ಇನ್ನು ಪೈಪು ಎಳೆಯುವ ಕೆಲಸ. ಮೊದಲು ಕತ್ತರಿ ಹಿಡಿಯಬೇಡಿ, ಪೆನ್ಸಿಲ್ ಹಿಡಿಯಿರಿ. ಪಂಪು, ಸೊಲೆನಾಯ್ಡಿನ ಮೂರು ಮೂತಿ, ಆಕ್ಚುಯೇಟರ್, ಇಷ್ಟನ್ನು ಕಾಗದದ ಮೇಲೆ ಬರೆದು ಯಾವುದರಿಂದ ಯಾವುದಕ್ಕೆ ಎಂದು ಗೆರೆ ಎಳೆಯಿರಿ. ಸೊಲೆನಾಯ್ಡಿನ ಮೂತಿಗಳ ಪಕ್ಕದಲ್ಲಿ ಸಾಮಾನ್ಯವಾಗಿ ಗುರುತು ಇರುತ್ತದೆ, ಧೂಳು ಒರೆಸಿ ಟಾರ್ಚ್ ಬಿಟ್ಟರೆ ಕಾಣುತ್ತದೆ. ಪಂಪಿನದನ್ನು ಆಕ್ಚುಯೇಟರಿನ ಮೂತಿಗೂ ಆಕ್ಚುಯೇಟರಿನದನ್ನು ಪಂಪಿನ ಮೂತಿಗೂ ಅದಲು ಬದಲು ಹಾಕಿದ ಗಾಡಿಗಳು ಬಂದಿವೆ, ಹೊರಗಿನಿಂದ ನೋಡಿದರೆ ಎಲ್ಲ ನೀಟಾಗಿಯೇ ಕಾಣುತ್ತದೆ. ಒಂದು ಪೈಪು ಬಿಚ್ಚಿ, ಅದರ ಜಾಗಕ್ಕೆ ಹೊಸದನ್ನು ಹಾಕಿ, ಆಮೇಲೆ ಇನ್ನೊಂದನ್ನು ಮುಟ್ಟಿ. ಎಲ್ಲವನ್ನೂ ಒಟ್ಟಿಗೆ ಕಿತ್ತು ಟ್ರೇಗೆ ಹಾಕಿದ ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ನಿಲ್ಲುತ್ತದೆ.

ಕಂಪನಿಯ ಗಟ್ಟಿ ನೈಲಾನ್ ಪೈಪು, ಅದರ ಎರಡು ತುದಿಯ ರಬ್ಬರ್ ಮೊಣಕೈಗಳು ಸಿಗುವುದಾದರೆ ಅದನ್ನೇ ಹಾಕಿಸಿ, ಅದಕ್ಕಿಂತ ಒಳ್ಳೆಯದು ಇಲ್ಲ. ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವ್ಯಾಕ್ಯೂಮ್ ಹೋಸ್ ಎಂದೇ ಕೇಳಿ ತನ್ನಿ. ಒಳಗಿನ ರಂಧ್ರ ಹಳೆಯದರಷ್ಟೇ ಇರಬೇಕು. ರಂಧ್ರ ದೊಡ್ಡದಾದರೆ ಖಾಲಿ ಮಾಡಬೇಕಾದ ಗಾಳಿ ಹೆಚ್ಚು, ರೆಕ್ಕೆಗಳು ತಡವಾಗಿ ಮಾತು ಕೇಳುತ್ತವೆ, ಬೂಸ್ಟ್ ಏರಿ ಇಳಿದು ತೂಗಾಡುತ್ತದೆ. ಗೋಡೆಯ ದಪ್ಪ ರಂಧ್ರದ ಅರ್ಧಕ್ಕಿಂತ ಕಡಿಮೆ ಇರಬಾರದು: 4 ಮಿ.ಮೀ. ರಂಧ್ರಕ್ಕೆ 2 ಮಿ.ಮೀ. ಗೋಡೆ, 3 ಆದರೆ ಇನ್ನೂ ವಾಸಿ. ಬಣ್ಣಬಣ್ಣದ ಸಿಲಿಕೋನ್ ಪೈಪು ಬಿಸಿ ತಡೆಯುವುದರಲ್ಲಿ ಗಟ್ಟಿಗ, ಆದರೆ ಎಣ್ಣೆಗೆ ಉಬ್ಬುತ್ತದೆ, ಚೂಪಾದ ಅಂಚಿಗೆ ಹರಿಯುತ್ತದೆ. ಡೀಸೆಲ್ ಗಾಡಿಯ ವ್ಯಾಕ್ಯೂಮ್ ಪಂಪು ಎಣ್ಣೆಯಲ್ಲೇ ತಿರುಗುವುದರಿಂದ ಅದರ ಹತ್ತಿರದ ಪೈಪಿಗೆ ಎಣ್ಣೆಯ ಹಬೆ ತಾಗುವುದುಂಟು. ಆ ಭಾಗಕ್ಕೆ ಎಣ್ಣೆ ತಡೆಯುವ ರಬ್ಬರ್ ಪೈಪು, ಸೊಲೆನಾಯ್ಡಿನಿಂದ ಟರ್ಬೊಗೆ ಹೋಗುವ ಕೊನೆಯ ತುಂಡಿಗೆ ಬೇಕಿದ್ದರೆ ದಪ್ಪ ಗೋಡೆಯ ಸಿಲಿಕೋನ್, ಅದರ ಮೇಲೆ ಫೈಬರ್‌ಗ್ಲಾಸ್ ತೋಳು. ನಾನು ಹೀಗೆ ಮಾಡುತ್ತೇನೆ.

ದಾರಿಯ ವಿಷಯದಲ್ಲಿ ಕಂಪನಿಯವರು ಕ್ಲಿಪ್ ಇಟ್ಟ ಕಡೆಯೇ ಹೋಗಬೇಕು. ಹತ್ತಿರದ ದಾರಿ ಕಂಡಿತೆಂದು ಇಂಜಿನ್ ಮೇಲೆ ಹಾಯಿಸಬೇಡಿ, ಸುಮ್ಮನೆ ಸುತ್ತು ಹಾಕಿ ಉದ್ದವನ್ನೂ ಬೆಳೆಸಬೇಡಿ. ಹೊಗೆ ಕಡೆಯ ಎರಕದಿಂದಲೂ, ಹೊಗೆಯ ಒಂದು ಭಾಗವನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇ.ಜಿ.ಆರ್. ಪೈಪಿನಿಂದಲೂ ಇದು ನಾಲ್ಕು ಬೆರಳಾದರೂ ದೂರ ಇರಲಿ. ಪೈಪು ಎಲ್ಲೂ ಜೋಲು ಬಿದ್ದು ಹೊಟ್ಟೆ ಬಿಡಬಾರದು, ಆ ಹೊಟ್ಟೆಯಲ್ಲಿ ಎಣ್ಣೆ, ನೀರಿನ ಹನಿ ಕೂತು ಬಿರಡೆಯಂತೆ ಆಗುತ್ತದೆ. ತೀರ ಬಿಗಿಯಾಗಿಯೂ ಇರಬಾರದು. ಬಾನೆಟ್ ತೆಗೆದು ಯಾರಾದರೂ ಕ್ಲಚ್ ಬಿಡುತ್ತಾ ಸ್ವಲ್ಪ ಆಕ್ಸಿಲರೇಟರ್ ಒತ್ತಿದಾಗ ನೋಡಿ, ಇಂಜಿನ್ ತನ್ನ ಮೌಂಟಿನ ಮೇಲೆ ಎರಡು ಬೆರಳಿನಷ್ಟು ವಾಲುತ್ತದೆ. ಒಂದು ತುದಿ ಬಾಡಿಯಲ್ಲಿ, ಇನ್ನೊಂದು ಇಂಜಿನ್ನಿನಲ್ಲಿ ಇರುವ ಪೈಪಿಗೆ ಆ ವಾಲುವಿಕೆಯಷ್ಟು ಸಡಿಲ ಕೊಡದಿದ್ದರೆ ದಿನಕ್ಕೆ ನೂರು ಸಲ ಮೂತಿಯಿಂದ ಎಳೆಸಿಕೊಂಡು ಕಿವಿ ಹರಿಯುತ್ತದೆ. ಹಿಡಿದು ನಿಲ್ಲಿಸಲು ಟೈ ಹಾಕುವುದಾದರೆ ಪೈಪು ಅದರೊಳಗೆ ಕೈಯಲ್ಲಿ ತಿರುಗಿಸಿದರೆ ತಿರುಗುವಷ್ಟು ಸಡಿಲ ಇರಲಿ.

ತುದಿಯನ್ನು ಹೊಸ ಬ್ಲೇಡಿನಲ್ಲಿ ನೇರವಾಗಿ ಕತ್ತರಿಸಿ. ಇಕ್ಕಳದಲ್ಲಿ ಕಚ್ಚಿ ಕತ್ತರಿಸಿದ ತುದಿ ಓರೆಯಾಗಿ ಅಲ್ಲಿಂದಲೇ ಸೀಳುತ್ತದೆ. ಹತ್ತದಿದ್ದರೆ ಬಿಸಿನೀರಿನಲ್ಲಿ ಅದ್ದಿ ಒತ್ತಿ, ಗ್ರೀಸ್ ಹಚ್ಚಬೇಡಿ. ಹಳೆಯ ಪೈಪಿನೊಳಗೆ ಅಥವಾ ನಡುವೆ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಸೂಜಿರಂಧ್ರದ ಪುಟ್ಟ ಜೆಟ್ ಕೂತಿದ್ದರೆ ಅದನ್ನು ಕಸ ಎಂದು ಎಸೆಯಬೇಡಿ, ಹೊಸ ಪೈಪಿನಲ್ಲೂ ಅದೇ ಜಾಗಕ್ಕೆ ಬರಬೇಕು. ನಿಮ್ಮ ಗಾಡಿಯಲ್ಲಿ ಟೀ ಏಕೆ ಹಾಕಿದ್ದಾರೋ ನನಗೆ ಫೋಟೋದಲ್ಲಿ ತಿಳಿಯಲಿಲ್ಲ, ಮೂರನೇ ಮೂತಿಗೆ ಮುಚ್ಚಳ ಬಡಿದಂತಿದೆ. ಬಹುಶಃ ಉದ್ದ ಸಾಲದೆ ಎರಡು ತುಂಡು ಸೇರಿಸಲು ಕೈಗೆ ಸಿಕ್ಕದ್ದನ್ನು ಹಾಕಿರಬೇಕು. ಆಕ್ಚುಯೇಟರಿನ ಪೈಪಿನಲ್ಲಿ ಒಂದೂ ಜಂಟಿ ಇರಬಾರದು, ಸೊಲೆನಾಯ್ಡಿನಿಂದ ಡಬ್ಬಿಯವರೆಗೆ ಒಂದೇ ತುಂಡು.

ಸೊಲೆನಾಯ್ಡಿನ ಮೂರನೇ ಮೂತಿಯ ಫಿಲ್ಟರನ್ನು ಯಾರೂ ನೋಡುವುದಿಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಕ್ರಷರ್ ಧೂಳಿನ ರಸ್ತೆಗಳಲ್ಲಿ ಓಡುವ ಗಾಡಿಗಳಲ್ಲಿ ಆ ಸ್ಪಾಂಜು ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ. ಅದು ಮುಚ್ಚಿಕೊಂಡರೆ ಹೊರಗಿನ ಗಾಳಿ ಒಳಗೆ ಬರದೆ ವ್ಯಾಕ್ಯೂಮ್ ಇಳಿಯುವುದಿಲ್ಲ, ರೆಕ್ಕೆ ಮುಚ್ಚಿಯೇ ಇದ್ದು ಬೂಸ್ಟ್ ಮಿತಿ ಮೀರುತ್ತದೆ. ನಿಮ್ಮದು ಅದಕ್ಕೆ ಉಲ್ಟಾ ತೊಂದರೆ, ಆದರೂ ಕೈ ಹಾಕಿದಾಗ ತೆಗೆದು ಬಡಿದು ಹಾಕಿ.

ಪೈಪು ಹಾಕಿದ ಮೇಲೆ ಪರೀಕ್ಷೆ. ಇಂಜಿನ್ ಆಫ್ ಇರುವಾಗ ಆಕ್ಚುಯೇಟರಿನ ಕಡ್ಡಿಯ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಕಡ್ಡಿ ನೋಡಿ. ಸ್ಟಾರ್ಟ್ ಆದ ಒಂದೆರಡು ಸೆಕೆಂಡಿನಲ್ಲಿ ಅದು ಒಳಕ್ಕೆ ಎಳೆದುಕೊಳ್ಳಬೇಕು, ಆಫ್ ಮಾಡಿದಾಗ ಮೆಲ್ಲಗೆ ವಾಪಸ್ ಬರಬೇಕು. ಎಳೆದುಕೊಳ್ಳಲೇ ಇಲ್ಲ ಎಂದರೆ ವ್ಯಾಕ್ಯೂಮ್ ತಲುಪುತ್ತಿಲ್ಲ ಅಥವಾ ರೆಕ್ಕೆ ಕಚ್ಚಿಕೊಂಡಿದೆ. ಯಾವುದೆಂದು ತಿಳಿಯಲು ಪೈಪು ಬಿಚ್ಚಿ ಕೈ ಪಂಪನ್ನು ನೇರವಾಗಿ ಆಕ್ಚುಯೇಟರಿಗೆ ಹಚ್ಚಿ. 15 ಇಂಚಿಗೆ ಎಳೆದು ನಿಲ್ಲಿಸಿ, ಒಂದು ನಿಮಿಷ ಮುಳ್ಳು ನೋಡಿ. ಇಳಿದರೆ ಡಯಾಫ್ರಮ್ ತೂತಾಗಿದೆ. ಇಳಿಯದೆ ಕಡ್ಡಿ ಬೆಣ್ಣೆಯಲ್ಲಿ ಚಾಕು ಹೋದಂತೆ ಚಲಿಸಿದರೆ ಟರ್ಬೊ ಕಡೆ ಎಲ್ಲ ಸರಿ. ತಡವರಿಸಿ, ಒಂದು ಕಡೆ ನಿಂತು, ಆಮೇಲೆ ಟಕ್ ಎಂದು ಜಿಗಿದರೆ ರೆಕ್ಕೆಗಳ ಸುತ್ತ ಮಸಿ ಕೂತಿದೆ. ಆಗಲೂ ಮೊದಲ ಕೆಲಸ ಟರ್ಬೊ ಬಿಚ್ಚಿ ಶುಚಿ ಮಾಡುವುದು, ಬದಲಿಸುವುದಲ್ಲ. ಈ ಪರೀಕ್ಷೆಯನ್ನು ತಣ್ಣಗಿರುವಾಗ ಒಮ್ಮೆ, ಇಪ್ಪತ್ತು ಕಿ.ಮೀ. ಓಡಿಸಿ ಬಂದು ಬಿಸಿಯಾಗಿರುವಾಗ ಇನ್ನೊಮ್ಮೆ ಮಾಡಿ. ಬಿಸಿಯಲ್ಲಿ ಮಾಡುವಾಗ ಕೈಗೆ ದಪ್ಪ ಗ್ಲೌಸ್ ಇರಲಿ. ನಿಮ್ಮ ವಿಷಯದಲ್ಲಿ ಎರಡನೆಯದೇ ಮುಖ್ಯ.

ದಪ್ಪ ಹೋಸುಗಳನ್ನು ಬಿಡಬೇಡಿ. ಇಂಟರ್‌ಕೂಲರಿನ ಹೋಸ್ ಸೀಳಿದ್ದರೆ ಎಳೆಯುವಾಗ ಸುಯ್ ಎಂಬ ಸದ್ದು, ಅನೇಕ ಸಲ ಹಿಂದೆ ಕಪ್ಪು ಹೊಗೆ, ಹೋಸಿನ ಕೆಳಗೆ ಎಣ್ಣೆ ಜಿಡ್ಡಿನ ಗೆರೆ. ಇವು ಮೂರೂ ನಿಮ್ಮ ಪತ್ರದಲ್ಲಿ ಇಲ್ಲ.

ಬೂಸ್ಟ್ ಮೀಟರ್ ಹಾಕಿಸಿ, ಒಳ್ಳೆಯ ಆಸೆ ಅದು, ಇಂಥ ತೊಂದರೆಯನ್ನು ಲೈಟ್ ಬರುವ ಮೊದಲೇ ತೋರಿಸುತ್ತದೆ. ಆದರೆ ಅದರ ಪೈಪನ್ನು ಆಕ್ಚುಯೇಟರಿನ ಪೈಪಿನಿಂದಾಗಲೀ ಸೊಲೆನಾಯ್ಡಿನಿಂದಾಗಲೀ ತೆಗೆಯಬೇಡಿ, ಅಲ್ಲಿ ಸಿಗುವುದು ಬೂಸ್ಟ್ ಅಲ್ಲ. ಇಂಟರ್‌ಕೂಲರ್ ದಾಟಿ ಇಂಟೇಕ್ ಮ್ಯಾನಿಫೋಲ್ಡಿಗೆ ಸೇರುವ ಭಾಗದಿಂದ ಪ್ರತ್ಯೇಕ ಮೂತಿ ತೆಗೆಸಿ, ಸೆನ್ಸರಿನ ಹತ್ತಿರ. ಡ್ಯಾಶ್‌ಬೋರ್ಡಿಗೆ ಗಾಳಿಯ ಪೈಪು ಎಳೆಯುವ ಮೀಟರಿಗಿಂತ ಬಾನೆಟ್ಟಿನೊಳಗೇ ಸೆನ್ಸರ್ ಇಟ್ಟು ವೈರ್ ಮಾತ್ರ ಒಳಗೆ ತರುವುದು ಲೇಸು. ಅದೂ ಬೇಡವೆಂದರೆ ಸ್ಕ್ಯಾನರ್ ಹಾಕುವ ಓ.ಬಿ.ಡಿ. ಸಾಕೆಟ್ಟಿಗೆ ಹಾಕುವ ಚಿಕ್ಕ ಬ್ಲೂಟೂತ್ ಸಾಧನ ಸಾಕು, ಮೊಬೈಲಿನಲ್ಲೇ ಬೂಸ್ಟ್ ಕಾಣುತ್ತದೆ, ಒಂದೂ ಪೈಪು ಕತ್ತರಿಸಬೇಕಿಲ್ಲ. ಅದರಲ್ಲಿ ಕಾಣುವುದು ಸಾಮಾನ್ಯವಾಗಿ ಹೊರಗಿನ ಗಾಳಿಯನ್ನೂ ಸೇರಿಸಿದ ಒತ್ತಡ, ಆದ್ದರಿಂದ ಇಂಜಿನ್ ಆಫ್ ಇದ್ದಾಗಲೇ ಮುಳಬಾಗಿಲಿನಲ್ಲಿ 92 ಕಿಲೋಪಾಸ್ಕಲ್ ಆಸುಪಾಸು ತೋರಿಸಿದರೆ ಗಾಬರಿ ಬೇಡ. ಎಳೆಯುವಾಗ ಬಂದ ಅಂಕಿಯಲ್ಲಿ ಅದನ್ನು ಕಳೆದರೆ ಉಳಿಯುವುದು ಬೂಸ್ಟ್.

ಪೈಪು ಬದಲಿಸಿದ ಮೇಲೆ ನಾಲ್ಕೈದು ಜನರನ್ನು ಕೂರಿಸಿಕೊಂಡು ಮತ್ತೆ ಚಿತ್ತೂರಿನ ಕಡೆ ಹೋಗಿ ಘಾಟಿಯ ಬುಡದಿಂದ ಹತ್ತಿ. ಪಕ್ಕದಲ್ಲಿ ಕೂತವರು ಸ್ಕ್ಯಾನರಿನಲ್ಲಿ ಕೇಳಿದ ಬೂಸ್ಟ್, ಬಂದ ಬೂಸ್ಟ್ ಎರಡನ್ನೂ ರೆಕಾರ್ಡ್ ಮಾಡಲಿ, ಓಡಿಸುವವರು ರಸ್ತೆ ಮಾತ್ರ ನೋಡಲಿ. ಎರಡು ಗೆರೆ ಜೊತೆಜೊತೆಗೆ ಹೋದರೆ ಕೆಲಸ ಮುಗಿಯಿತು. ಮತ್ತೆ ಅಗಲಿದರೆ ಆ ರೆಕಾರ್ಡಿಂಗನ್ನೂ, ತಣ್ಣಗಿದ್ದಾಗ, ಬಿಸಿಯಾದಾಗ ಕೈ ಪಂಪಿನಲ್ಲಿ ಬಂದ ಅಂಕಿಗಳನ್ನೂ ಬರೆದು ನನಗೆ ಕಳಿಸಿ. ಅದನ್ನು ನೋಡುವವರೆಗೆ 45 ಸಾವಿರ ನಿಮ್ಮ ಬಳಿಯೇ ಇರಲಿ.